ಗುಲಾಬಿ ಸುಣ್ಣ

ಗೂಡುಜ್ವರದ ಮೂರನೆಯ ಅಲೆಯಲ್ಲಿ ಸುಲೋಚನಾ ಬಡಿಗೇರಳ ತಂಗಿಯ ಮಗಳು ಮಾನಸಿ ತೀರಿಕೊಂಡಳು. ಆರು ವರ್ಷದ ಹುಡುಗಿ. ಆ ರೋಗ ಎದೆಗೂಡಿನೊಳಗೆ ಹೊಕ್ಕು ಉಸಿರನ್ನು ದಿನದಿಂದ ದಿನಕ್ಕೆ ಗಿಡ್ಡ ಮಾಡುತ್ತ ಬರುತ್ತಿತ್ತು. ಹುಬ್ಬಳ್ಳಿಯ ಜನ ಅದಕ್ಕೆ ಗೂಡುಜ್ವರ ಎಂದು ಕರೆದದ್ದು ಹಾಗಾಗಿ. ರೋಗಾಣು ಗಾಳಿಯಲ್ಲೇ ತೇಲಾಡುತ್ತಿತ್ತು. ಒಬ್ಬ ಕೆಮ್ಮಿ ಎದ್ದುಹೋದ ಕೋಣೆಯಲ್ಲಿ ಎಷ್ಟೋ ಹೊತ್ತಿನ ಮೇಲೆ ಬಂದು ಕೂತವನಿಗೂ ಅಂಟುತ್ತಿತ್ತು. ಲಸಿಕೆ ಸಿದ್ಧವಾಗಿ ಬರುವಷ್ಟರಲ್ಲಿ ಅದು ತನ್ನ ವೇಷ ಬದಲಿಸಿರುತ್ತಿತ್ತು.

ಸುಲೋಚನಾ ರಸಾಯನ ವಿಜ್ಞಾನಿ. ಮದುವೆಯಾಗಿರಲಿಲ್ಲ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿದ್ದ ತಂಗಿ ಶಕುಂತಲೆಯ ಮನೆಯೇ ಅವಳಿಗೂ ಮನೆ. ಭಾನುವಾರದ ರೊಟ್ಟಿ ಅಲ್ಲೇ, ಹಬ್ಬ ಅಲ್ಲೇ, ಕೂಸಿನ ತೊಟ್ಟಿಲು ತೂಗಿದ್ದೂ ಅಲ್ಲೇ. ಬಹಳ ವರ್ಷಗಳಿಂದ ಅವಳು ಒಂದು ಜಾತಿಯ ಬಣ್ಣಗಳ ಬೆನ್ನು ಹತ್ತಿದ್ದಳು. ನಾವು ಉಸಿರಾಡುವ ಆಮ್ಲಜನಕ ಸ್ವಭಾವತಃ ಸೋಮಾರಿ. ಸುತ್ತಲೂ ಸುಡಬಹುದಾದ ವಸ್ತುಗಳಿದ್ದರೂ ಕಿಡಿ ತಾಗದೆ ಯಾವುದರ ತಂಟೆಗೂ ಹೋಗುವುದಿಲ್ಲ. ಆದರೆ ಕೆಲವು ಬಣ್ಣಗಳು ಬೆಳಕನ್ನು ಹೀರಿ, ಹೀರಿದ ಶಕ್ತಿಯನ್ನು ಪಕ್ಕದಲ್ಲಿದ್ದ ಆಮ್ಲಜನಕಕ್ಕೆ ದಾಟಿಸುತ್ತವೆ. ಆಗ ಅದು ಎಚ್ಚೆತ್ತುಕೊಳ್ಳುತ್ತದೆ, ಎದುರಿಗೆ ಬಂದ ಸೂಕ್ಷ್ಮ ವಸ್ತುವಿನ ಮೇಲೆ ಎರಗುತ್ತದೆ.

ಈ ಎಚ್ಚೆತ್ತ ಆಮ್ಲಜನಕದಿಂದ ಬಣ್ಣದ ಕಾರ್ಖಾನೆಗಳ ಹೊಲಸು ನೀರು ತೊಳೆಯಬೇಕೆಂಬುದು ಅವಳ ಹಂಚಿಕೆಯಾಗಿತ್ತು. ಅದು ಕೈಗೂಡಲಿಲ್ಲ. ನೀರಿನಲ್ಲಿ ಹುಟ್ಟಿದ ಎಚ್ಚೆತ್ತ ಆಮ್ಲಜನಕ ಸೆಕೆಂಡಿನ ಲಕ್ಷದಲ್ಲೊಂದು ಪಾಲು ಕೂಡ ಬದುಕುತ್ತಿರಲಿಲ್ಲ. ನೀರೇ ಅದರ ಬಿಸುಪನ್ನು ಕಸಿದುಕೊಂಡು ಮತ್ತೆ ಮಲಗಿಸಿಬಿಡುತ್ತಿತ್ತು. ಮಾನಸಿಯನ್ನು ಮಣ್ಣು ಮಾಡಿ ಬಂದ ಮೇಲೆ, ಬೇರೇನೂ ಮಾಡಲು ತೋಚದೆ, ಸುಲೋಚನಾ ಅದೇ ಬಣ್ಣವನ್ನು ಸುಣ್ಣದಲ್ಲಿ ಕಲಸಿ ಪ್ರಯೋಗಾಲಯದ ಗೋಡೆಗೆ ಬಳಿದಳು. ಗಾಳಿಯಲ್ಲಿ ಕಥೆಯೇ ಬೇರೆಯಾಯಿತು. ನೀರಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು ಕಾಲ ಅದು ಎಚ್ಚರವಾಗಿತ್ತು. ಗೋಡೆಯಿಂದ ಒಂದು ಜೋಳದ ಕಾಳಿನಷ್ಟು ದೂರ ಬಂದು ಅಡ್ಡಾಡುತ್ತಿತ್ತು. ಮುಚ್ಚಿದ ಕೋಣೆಯ ಗಾಳಿ ಸುತ್ತಿ ಸುತ್ತಿ ಗೋಡೆಗೆ ತಾಗಿಯೇ ತಾಗುತ್ತದೆ. ತಾಗಿದಾಗಲೆಲ್ಲ ರೋಗಾಣುವಿನ ಮೇಲಿನ ಕೊಬ್ಬಿನ ಪೊರೆ ಹರಿದು ಹೋಗುತ್ತಿತ್ತು. ಬಿಸಿಲಿದ್ದರೆ ಬಿಸಿಲು, ಇಲ್ಲದಿದ್ದರೆ ಟ್ಯೂಬ್‌ಲೈಟೂ ಸಾಕು.

"ಈ ಸುಣ್ಣಾ ಮದ್ಲ ನಮ್ಮ ಮನ್ಯಾಗ ಬಳಿಯಕ್ಕಾ," ಅಂದಳು ಶಕುಂತಲಾ.

"ಪರೀಕ್ಷಾ ಇನ್ನೂ ಪೂರಾ ಆಗಿಲ್ಲ ಶಕ್ಕೂ. ಇಲಿ ಮ್ಯಾಲ ಮಾಡೇವಿ. ಮನಷ್ಯಾರು ಇರೂ ಮನ್ಯಾಗ ಮಾಡಿಲ್ಲ."

"ಮಾಡು ಹಂಗಾರ. ಇಲ್ಲಿ ಮನಷ್ಯಾರ ಇದ್ದೇವಿ. ನಮ್ಮ ಮನ್ಯಾಗಿಂದ ಇನ್ನೇನ ಹೋಗೂದು ಉಳದೈತಿ?"

ಶಕುಂತಲೆಯ ಗಂಡ ಮೌನೇಶ ಪತ್ತಾರ ಬಂಗಾರದ ಕೆಲಸದವನು. ಮಾತು ಕಮ್ಮಿ. ಅಂದು ತಾನೇ ಬ್ರಶ್ ಹಿಡಿದು, ಮಗಳು ಮಲಗುತ್ತಿದ್ದ ಪಡಸಾಲೆಯಿಂದ ಸುರುಮಾಡಿ ದೇವರ ಕೋಣೆ, ಅಡಿಗೆಮನೆ, ಬಚ್ಚಲು ಎನ್ನದೆ ಎಲ್ಲ ಗೋಡೆಗೂ ಬಳಿದ. ನಡುವೆ ಒಮ್ಮೆ ನಿಂತು ಕೇಳಿದ:

"ಅಕ್ಕಾವ್ರ, ನಾವು ಬಂಗಾರಕ್ಕ ಬೆಂಕಿ ಕೊಟ್ಟು ಹೊಲಸು ತಗೀತೇವಿ. ನೀವು ಗಾಳಿಗೆ ಬೆಳಕು ಕೊಟ್ಟು ತಗೀತೀರಿ. ಇಷ್ಟ ಹೌದಿಲ್ಲೋ?"

"ಇಷ್ಟ ನೋಡ್ರಿ," ಅಂದಳು ಸುಲೋಚನಾ. ಮಗು ಹೋದಮೇಲೆ ಆ ಮನೆಯಲ್ಲಿ ಮೂವರೂ ನಕ್ಕದ್ದು ಅದೇ ಮೊದಲು.

ಸುಣ್ಣ ಒಣಗಿದ ಮೇಲೆ ಗೋಡೆಗಳೆಲ್ಲ ತೆಳು ಗುಲಾಬಿಯಾದವು. ಹೊಸ ಅಲೆ ಬಂತು. ಓಣಿಯಲ್ಲಿ ಎಡಗಡೆಯ ಮನೆಯಲ್ಲಿ ಇಬ್ಬರು ಸತ್ತರು, ಬಲಗಡೆ ಒಬ್ಬರು. ನಡುವಿನ ಮನೆಯಲ್ಲಿ ಒಂದು ಸೀನು ಕೂಡ ಇಲ್ಲ. ಮುಂದೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಜನ ಡಬ್ಬಿ, ಬಕೆಟ್ಟು, ಕೊಡ ಹಿಡಿದುಕೊಂಡು ಪ್ರಯೋಗಾಲಯದ ಮುಂದೆ ಪಾಳಿ ನಿಂತರು. ಸರಕಾರ ಸುಶ್ವಾಸ ಮಂಡಳಿ ಎಂಬುದನ್ನು ಕಟ್ಟಿ, ಡಾಕ್ಟರ್ ವೀರಭದ್ರ ಶಿರೂರರನ್ನು ಅದಕ್ಕೆ ಅಧ್ಯಕ್ಷರನ್ನಾಗಿ, ಸುಲೋಚನಾಳನ್ನು ಮುಖ್ಯ ವಿಜ್ಞಾನಿಯನ್ನಾಗಿ ಮಾಡಿತು. ಎರಡನೆಯ ದೀಪಾವಳಿಯ ಹೊತ್ತಿಗೆ ಊರಿನಲ್ಲಿ ಬಿಳಿ ಗೋಡೆ ಎಂಬುದೇ ಕಾಣಸಿಗುತ್ತಿರಲಿಲ್ಲ. ಶಾಲೆ, ಬಸ್ಸು, ಸಿನಿಮಾ ಥೇಟರು, ಖಾನಾವಳಿ, ಮಸೀದಿ, ಮಠ, ಎಲ್ಲವೂ ಗುಲಾಬಿ. ಗೂಡುಜ್ವರ ಇಳಿಯಿತು. ಮಕ್ಕಳು ಮತ್ತೆ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂರತೊಡಗಿದವು.

ವಾಸನೆ ಹೋದದ್ದು ಆಮೇಲೆ ತಿಳಿಯಿತು.

ಮೊದಲು ತಕರಾರು ತಂದವಳು ಅದೇ ಓಣಿಯ ಹೂವಿನ ನೀಲವ್ವ. ಕಟ್ಟಿದ ಮಲ್ಲಿಗೆ ಮಾಲೆಯನ್ನು ಸುಲೋಚನಾಳ ಮೂಗಿಗೇ ಹಿಡಿದಳು. "ನೀವ ಮೂಸ್ರಿ ಬಾಯಾರ. ಹೂವೋ, ಕಾಗದೋ? ಅಂಗಡಿಗೆ ಸುಣ್ಣಾ ಬಳದ ಮ್ಯಾಲ ಗಿರಾಕಿ ಬಂದು ಮೂಸತಾರ, ಹೊಳ್ಳಿ ಹೋಗತಾರ."

ಸುಲೋಚನಾಳಿಗೆ ಕಾರಣ ಕೂಡಲೇ ಹೊಳೆಯಿತು. ಎಚ್ಚೆತ್ತ ಆಮ್ಲಜನಕ ಎಲ್ಲವನ್ನೂ ತಿನ್ನುವುದಿಲ್ಲ, ಆರಿಸಿ ತಿನ್ನುತ್ತದೆ. ಅದಕ್ಕೆ ಬೇಕಾದದ್ದು ಇಂಗಾಲಗಳು ಎರಡೆರಡು ಕೈಗಳಿಂದ ಹಿಡಿದುಕೊಂಡ ದ್ವಿಬಂಧ, ಇಲ್ಲವೆ ಗಂಧಕ. ರೋಗಾಣುವಿನ ಕೊಬ್ಬಿನಲ್ಲಿ ದ್ವಿಬಂಧವಿದೆ. ಮಲ್ಲಿಗೆಯ ಕಂಪಿನಲ್ಲೂ ಇದೆ, ಕೊತ್ತಂಬರಿಯಲ್ಲೂ ಇದೆ, ಕಿತ್ತಳೆ ಸಿಪ್ಪೆಯಲ್ಲೂ ಇದೆ. ಹಿಂಗು, ಬೆಳ್ಳುಳ್ಳಿಯಲ್ಲಿ ಗಂಧಕವಿದೆ. ಕೋಣೆಯಲ್ಲಿ ಹರಡಿದ ಕಂಪು ಗೋಡೆಗೆ ತಾಗಿ ತಾಗಿ ಮುರಿದು, ವಾಸನೆಯಿಲ್ಲದ ಬೇರೇನೋ ಆಗಿ ಉಳಿಯುತ್ತಿತ್ತು.

"ಮಾಳಿಗಿ ಮ್ಯಾಲ ಕುಂತು ಮಾರು ನೀಲವ್ವಾ," ಅಂದಳು. "ಬೈಲಾಗ ವಾಸನಿ ಎಲ್ಲೂ ಹೋಗಂಗಿಲ್ಲ."

ನಗೆಯಾಡಿ ಹೇಳಿದ ಮಾತು. ಊರು ಅದನ್ನೇ ಮಾಡಿತು. ಹೂವಿನವರು, ಊದಿನಕಡ್ಡಿಯವರು ಬಯಲಿಗೆ ಬಂದರು. ಹೆಂಗಸರು ಒಗ್ಗರಣೆಯ ಸೌಟನ್ನು ಚುಂಯ್ಗುಡುವಾಗಲೇ ಮಾಳಿಗೆಗೆ ಹೊತ್ತೊಯ್ದು, ಮನೆಮಂದಿಯನ್ನು ಕರೆದು ಮೂಗಿಗೆ ತೋರಿಸಿ, ಆಮೇಲೆ ಕೆಳಗಿಳಿಸಿ ಸಾರಿಗೆ ಹಾಕತೊಡಗಿದರು. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಮಾಳಿಗೆಯ ಮೇಲೆ. ಬಾಣಂತಿಯರನ್ನು ಅಂಗಳದಲ್ಲಿ ಕೂರಿಸಿ ಕೂಸಿಗೆ ಹಾಲೂಡಿಸಿದರು. ಕೋಣೆಯೊಳಗೆ ಕೂಸುಗಳು ತಾಯಿಯ ಮೈವಾಸನೆ ಸಿಗದೆ ಮೊಲೆ ಹುಡುಕಿ ಹುಡುಕಿ ಅಳುತ್ತಿದ್ದವು. ಮುದುಕರು ಮಾತ್ರ ರಗಳೆ ತೆಗೆದರು, ಸಾರು ಸಪ್ಪಗಾಗಿದೆ ಎಂದು ತಾಟು ದೂಡಿದರು. ಸೊಸೆಯಂದಿರು ಬೈಸಿಕೊಂಡರು.

ದ್ವಿಬಂಧವಿದ್ದ ರಬ್ಬರಿನದೂ ಅದೇ ಗತಿಯಾಯಿತು. ಮೊಳೆಗೆ ತೂಗಿಬಿಟ್ಟ ಚಪ್ಪಲಿ ತಿಂಗಳೊಪ್ಪತ್ತಿನಲ್ಲಿ ಬಿರಿದವು. ಪುಗ್ಗೆ ಊದುವಷ್ಟರಲ್ಲಿ ಒಡೆಯುತ್ತಿತ್ತು. ಜನ ಇದಕ್ಕೂ ಒಗ್ಗಿದರು. ಬದುಕಿದ್ದೇವಲ್ಲ, ಅದರ ಮುಂದೆ ಇದು ಯಾವ ಲೆಕ್ಕ ಎನ್ನುತ್ತಿದ್ದರು.

ಮಂಡಳಿಯ ಎರಡನೆಯ ಮಹಡಿಯಲ್ಲಿ ಹವೆಕೋಣೆ ಇತ್ತು. ಇಡೀ ಗೋಡೆಯ ತುಂಬ ಊರಿನ ನಕಾಶೆ. ಸುಣ್ಣ ಗಟ್ಟಿಯಿದ್ದಲ್ಲಿ ಗುಲಾಬಿ, ಸವೆದಲ್ಲಿ ಬೂದು, ಜ್ವರ ಕಂಡಲ್ಲಿ ಕೆಂಪು ಚುಕ್ಕೆ. ಅಲ್ಲಿ ಕೂತ ಹುಡುಗಿಯರು ಬೂದು ಕಂಡ ಓಣಿಗೆ ಬಳಿಯುವವರನ್ನು ಅಟ್ಟುತ್ತಿದ್ದರು. ಸುಲೋಚನಾ ಒಂದು ಮಧ್ಯಾಹ್ನ ಬಿರಿದ ಚಪ್ಪಲಿಯೊಂದನ್ನು ಶಿರೂರರ ಮೇಜಿನ ಮೇಲಿಟ್ಟಳು.

"ಸರ್, ಇದು ಬರೇ ಚಪ್ಪಲಿ ಮಾತಲ್ಲ. ನೀರಿನ್ಯಾಗ ಏನ ಮಾಡತೈತಿ ಅಂತ ನೋಡೇವಿ, ಗಾಳ್ಯಾಗ ನೋಡೇವಿ. ರಬ್ಬರು, ಎಣ್ಣಿ, ಚರ್ಮ, ಇವುಗಳ ಒಳಗ ಹೊಕ್ಕರ ಅದು ನೀರಿಗಿಂತ ಹೆಚ್ಚು ಹೊತ್ತು ಬದಕತೈತಿ. ಮನ್ಯಾಗ ಏನೇನು ಸಾಮಾನು ಐತಿ, ಒಂದೊಂದನ್ನೂ ಪರೀಕ್ಷಾ ಮಾಡಬೇಕು. ನಂಗ ಆರು ತಿಂಗಳು ಬೇಕು, ಮಂದಿ ಬೇಕು."

ಶಿರೂರರು ಕೆಟ್ಟವರಲ್ಲ. ಎರಡನೆಯ ಅಲೆಯಲ್ಲಿ ಹೆಂಡತಿಯನ್ನು ಕಳೆದುಕೊಂಡವರು. ನಕಾಶೆಯತ್ತ ಕೈ ಮಾಡಿ ಹೇಳಿದರು: "ಈಗ ನಿಮ್ಮನ್ನ ಆರು ತಿಂಗಳು ಬಿಟ್ಟುಕೊಟ್ಟರ ಬೆಳಗಾವಿ, ಗದಗ, ಬಾಗಲಕೋಟಿಗೆ ಸುಣ್ಣಾ ಯಾರು ಕಲಸಬೇಕು ಮೇಡಂ? ವಾಸನಿ ಇಲ್ಲದ ಬದುಕಬಹುದು, ಚಪ್ಪಲಿ ಇಲ್ಲದ ಅಡ್ಡಾಡಬಹುದು. ಉಸರು ಇಲ್ಲದ?"

ಅವಳು ಚಪ್ಪಲಿ ಎತ್ತಿಕೊಂಡು ಹೊರಬಂದಳು. ಆ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಮರುದಿನ ಬೆಳಗಾವಿಗೆ ಹೋದಳು.

ಮಾರ್ಗಶಿರದಲ್ಲಿ ಧಾರವಾಡದ ನೆಂಟರ ಮನೆಯಲ್ಲಿ ಬಸುರಿಗೆ ಕುಬಸ ಮಾಡುವ ಕಾರ್ಯವಿತ್ತು. ಶಕುಂತಲಾ ಮುಂಜಾನೆಯೇ ಅಡಿಗೆ ಮುಗಿಸಿ, ಮನೆಗೆ ಕೀಲಿ ಹಾಕಿ ಹೋದಳು. ಮೌನೇಶ ಅಂಗಡಿಯಲ್ಲಿದ್ದ. ಅಡಿಗೆಮನೆಯ ಕಿಟಕಿ ದಕ್ಷಿಣಕ್ಕೆ. ಚಳಿಗಾಲದ ಬಿಸಿಲು ಅಲ್ಲಿ ಇಡೀ ದಿನ ಬೀಳುತ್ತಿತ್ತು. ಗಾಳಿ ಥಂಡಿಯೆಂದು ಕಿಟಕಿಯ ಗಾಜು ಹಾಕಿದ್ದಳು. ಸಂಜೆ ಹೊಳ್ಳಿ ಬಂದಾಗ ಬಾಗಿಲಲ್ಲೇ ನೀಲವ್ವ ಸಿಕ್ಕಳು. ಇಬ್ಬರೂ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಬಸುರಿಗೆ ಯಾರು ಯಾವ ಸೀರೆ ಉಡಿಸಿದರು, ಊಟಕ್ಕೆ ಏನಿತ್ತು ಎಂದು ಮಾತಾಡಿದರು. ನೀಲವ್ವ ಮನೆಗೆ ಹೊರಟಳು. ಶಕುಂತಲಾ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರಿದಳು.

ನೀಲವ್ವ ಓಣಿಯ ನಡುವೆ ಇದ್ದಳು. ಸದ್ದಿಗೆ ಹೊಳ್ಳಿ ನೋಡಿದಾಗ ಮನೆಯ ಹಿಂಭಾಗದ ಮಾಡು ಇರಲಿಲ್ಲ.

ಆಸ್ಪತ್ರೆಯಲ್ಲಿ ಶಕುಂತಲಾ ಒಂದು ದಿನ ಬದುಕಿದ್ದಳು. ಮುಖಕ್ಕೆಲ್ಲ ಬಿಳಿ ಪಟ್ಟಿ. ಸುಲೋಚನಾ ಹತ್ತಿರ ಬಾಗಿದಾಗ ತುಟಿ ಮಾತ್ರ ಅಲುಗಿದವು.

"ಅಕ್ಕಾ, ನಾ ಮೂಸಿದ್ದೆ. ದಿನಾ ಮೂಸತೇನಿ, ಕಡ್ಡಿ ಗೀರೂ ಮದ್ಲ. ಅವ್ವ ಕಲಿಸಿದ್ದಲ್ಲ? ಏನೂ ನಾತ ಇದ್ದಿದ್ದಿಲ್ಲ."

"ಮಾತಾಡಬ್ಯಾಡ ಶಕ್ಕೂ."

"ನನ್ನ ತಪ್ಪಲ್ಲಂತ ಅವರಿಗೆ ಹೇಳ. ಸಿಟ್ಟಿಗೇಳತಾರ."

ಅವಳ ಕಡೆಯ ಮಾತು ಅದೇ.

ತಪಾಸಣೆಗೆ ಬಂದವರು ಮನೆಯೊಡತಿಯ ಅಲಕ್ಷ್ಯ ಎಂದು ಹೇಳಿ ಹೋದರು. ಗ್ಯಾಸು ಇಡೀ ಮನೆ ತುಂಬುವಷ್ಟು ಸೋರಿದರೂ ತಿಳಿಯಲಿಲ್ಲ ಅಂದರೆ ಮತ್ತೇನು? ಆ ವಾಸನೆ ಸತ್ತವರನ್ನೂ ಎಬ್ಬಿಸುತ್ತದೆ ಅಂದರು. ಅವರು ಹೋದ ಮೇಲೆ ಮೌನೇಶ ಸುಲೋಚನಾಳ ಹತ್ತಿರ ಬಂದು, "ಅಕಿ ಅಂಥಾಕಿ ಅಲ್ಲ ಅಕ್ಕಾವ್ರ. ನಿಮಗ ಗೊತ್ತೈತಿ," ಅಂದ.

ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತಾಗಲೇ, ತಂಗಿ "ನಾತ" ಅಂದ ಗಳಿಗೆಯಲ್ಲೇ ಗೊತ್ತಾಗಿತ್ತು. ಆದರೂ ಕಣ್ಣಾರೆ ನೋಡಬೇಕಿತ್ತು. ಪ್ರಯೋಗಾಲಯದಲ್ಲಿ ಗಾಜಿನ ದೊಡ್ಡ ಪೆಟ್ಟಿಗೆಯ ಒಳಮೈಗೆ ಗುಲಾಬಿ ಸುಣ್ಣ ಬಳಿದು, ಮೇಲೆ ಕಪ್ಪು ಬಟ್ಟೆ ಹೊದಿಸಿ, ಅಡಿಗೆ ಗ್ಯಾಸನ್ನು ಸ್ವಲ್ಪವೇ ಒಳಗೆ ಬಿಟ್ಟಳು. ನಳಿಗೆಗೆ ಮೂಗು ಹಚ್ಚಿದಳು. ಹೊಟ್ಟೆ ತೊಳಸುವ, ಕೊಳೆತ ನಾತ. ಬಟ್ಟೆ ತೆಗೆದು ಕಿಟಕಿಯ ಬಿಸಿಲಿಗೆ ಇಟ್ಟು, ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದು ಮತ್ತೆ ಮೂಸಿದಳು. ಏನೂ ಇಲ್ಲ. ತೊಳೆದಿಟ್ಟ ತಂಬಿಗೆಯಂತೆ ಖಾಲಿ. ಅಳತೆಯ ಯಂತ್ರ ಮಾತ್ರ ಒಳಗೆ ಗ್ಯಾಸು ಇದ್ದಷ್ಟೂ ಇದೆ ಎಂದು ತೋರಿಸುತ್ತಿತ್ತು.

ಅಡಿಗೆ ಗ್ಯಾಸಿಗೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ಮನುಷ್ಯರಿಗೆ ತಿಳಿಯಲೆಂದು ಗಂಧಕದ ಒಂದು ನಾರುವ ವಸ್ತುವನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. ಗಂಧಕವೆಂದರೆ ಎಚ್ಚೆತ್ತ ಆಮ್ಲಜನಕಕ್ಕೆ ಹಬ್ಬದೂಟ. ಗ್ಯಾಸಿನಲ್ಲಿ ಮಾತ್ರ ದ್ವಿಬಂಧವೂ ಇಲ್ಲ, ಗಂಧಕವೂ ಇಲ್ಲ. ಅದನ್ನು ಮುಟ್ಟದೆ ಬಿಡುತ್ತದೆ. ಕಾಯಲು ಇಟ್ಟವನನ್ನು ತಿಂದು ಕಳ್ಳನನ್ನು ಬಿಟ್ಟ ಹಾಗೆ. ಇನ್ನು ಸೋರಿದ್ದಾದರೂ ಏಕೆ? ಮೌನೇಶ ಅವಶೇಷದಲ್ಲಿ ಹುಡುಕಿ ತಂದುಕೊಟ್ಟ ಕಿತ್ತಳೆ ಪೈಪಿನ ತುಂಡನ್ನು ದೀಪದ ಕೆಳಗೆ ಹಿಡಿದಳು. ಸಿಲಿಂಡರಿನ ಬುಡದಲ್ಲಿ, ಬೆಂಕಿ ಮುಟ್ಟದೆ ಉಳಿದಿದ್ದ ತುಂಡು. ಗೋಡೆಗೆ ಒತ್ತಿಕೊಂಡಿದ್ದ ಮಗ್ಗುಲಲ್ಲಿ ಮಾತ್ರ ರಬ್ಬರು ಹಳಸಿದ ರೊಟ್ಟಿಯಂತೆ ಬಿರಿದಿತ್ತು. ಪೈಪು ಸೀಳಿದ್ದೂ ಅವಳ ಸುಣ್ಣವೇ, ನಾತ ನುಂಗಿದ್ದೂ ಅವಳ ಸುಣ್ಣವೇ.

ಮೌನೇಶನಿಗೆ ತಾನೇ ಹೋಗಿ ಹೇಳಿದಳು. ಅಂಗಡಿಯಲ್ಲಿ ಅವನು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟು ಪೂರ್ತಿ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಅಡಗಿಮನಿಗೆ ಸುಣ್ಣಾ ಬಳದಾಂವ ನಾನ ಅಲ್ಲೇನ್ರಿ?"

"ಬಣ್ಣಾ ಮಾಡಿದಾಕಿ ನಾನು, ಮೌನೇಶ."

"ಹೌದು," ಅಂದ. ಮತ್ತೆ ಇಕ್ಕಳ ಎತ್ತಿಕೊಂಡ. ಆ ದಿನದಿಂದ ಅವಳೊಡನೆ ಮಾತು ಬಿಟ್ಟ.

ಮಂಡಳಿಯ ಸಭೆಯಲ್ಲಿ ಸುಲೋಚನಾ ಎಲ್ಲವನ್ನೂ ಇಟ್ಟಳು. ಅಷ್ಟರಲ್ಲಿ ಬೇರೆ ಊರುಗಳಿಂದಲೂ ಅಂಥವೇ ಸುದ್ದಿ ಬಂದಿದ್ದವು. ಎಲ್ಲ ಕಡೆಯೂ ಮನೆಯೊಡತಿಯ ಅಲಕ್ಷ್ಯ ಎಂದೇ ಮುಗಿದಿದ್ದವು. ಗ್ಯಾಸಿಗೆ ಬೇರೆ ನಾತ ಬೆರೆಸಬಹುದೇ? ಬೆರೆಸಬಹುದು, ಆದರೆ ಹುಡುಕಿ, ಪರೀಕ್ಷಿಸಿ, ದೇಶದ ಸಿಲಿಂಡರುಗಳಿಗೆಲ್ಲ ತುಂಬಲು ವರ್ಷಗಳು ಬೇಕು. ಸೋರಿಕೆ ಕಂಡರೆ ಕೂಗುವ ಯಂತ್ರ? ಲಕ್ಷಗಟ್ಟಲೆ ಮನೆಗೆ ಒಂದೊಂದು, ಅದೂ ವರ್ಷಗಳ ಮಾತು. ಕರೆಂಟಿನ ಒಲೆ? ಅರ್ಧ ದಿನ ಕರೆಂಟೇ ಇರುವುದಿಲ್ಲ. ಅಡಿಗೆಮನೆಯ ಸುಣ್ಣ ಕೆರೆಯೋಣವೆಂದರೆ, ಗಾರೆಯೊಳಗೆ ಇಳಿದ ಬಣ್ಣವನ್ನು ಕೆರೆಯಲು ಗೋಡೆಯನ್ನೇ ಕೆರೆಯಬೇಕು.

ಸುಲೋಚನಾ ಅದಕ್ಕೆ ಉಪಾಯ ತಂದಿದ್ದಳು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಆ ಕೆಂಪುಬಣ್ಣಕ್ಕೆ ಒಂದು ಗುಣವಿದೆ: ಎಚ್ಚೆತ್ತ ಆಮ್ಲಜನಕ ಹತ್ತಿರ ಬಂದರೆ ಅದರ ಶಕ್ತಿಯನ್ನು ತಾನು ಹೀರಿ, ಬಿಸಿಯಾಗಿ ಹೊರಬಿಟ್ಟು, ಅದನ್ನು ಮಲಗಿಸಿಬಿಡುತ್ತದೆ. ಮೆಣಸಿನಕಾಯಿಯಿಂದ ತೆಗೆದ ಬಣ್ಣವನ್ನು ಅರಗಿನಲ್ಲಿ ಕಲಸಿ ಸುಣ್ಣದ ಮೇಲೆ ಒಂದು ಪದರು ಬಳಿದರೆ ಆಯಿತು. ಪದರಿನ ಅಡಿಯಲ್ಲಿ ಸುಣ್ಣ ಸುಮ್ಮನಾಗುತ್ತದೆ. ಅಡಿಗೆಮನೆಗೆ ವಾಸನೆ ಹೊಳ್ಳಿ ಬರುತ್ತದೆ.

"ಜ್ವರಾನೂ ಬರತೈತಲ್ಲ ಮೇಡಂ?" ಅಂದರು ಶಿರೂರರು.

"ಅಡಗಿಮನಿ ಒಂದ ಕೋಣಿ ಸರ್. ಉಳದದ್ದೆಲ್ಲಾ ಗುಲಾಬಿನ ಇರತೈತಿ. ಕಿಟಕಿ ತಗದು ಇಟಗೊಳ್ಳಾಕ ಹೇಳೋಣು."

ಶಿರೂರರು ಒಪ್ಪಿದರು. ಹೋಳಿಯ ಹೊತ್ತಿಗೆ ಊರಿನ ಅಡಿಗೆಮನೆಗಳು ಕೆಂಪಾದವು. ಎಷ್ಟೋ ಕಾಲದ ಮೇಲೆ ಮನೆಯೊಳಗೆ ಬೆಳ್ಳುಳ್ಳಿ ಒಗ್ಗರಣೆ ಘಮಘಮಿಸಿತು. ಜನ ಅಡಿಗೆಮನೆಯಲ್ಲೇ ಊಟಕ್ಕೆ ಕೂತರು. ನೀಲವ್ವ ಸುಲೋಚನಾಳನ್ನು ಒತ್ತಾಯ ಮಾಡಿ ಕರೆದೊಯ್ದಳು. ಅವಳ ಸೊಸೆ ಫಕೀರವ್ವ ಬಿಸಿ ರೊಟ್ಟಿ ತಟ್ಟಿಕೊಟ್ಟಳು, ಹೆಚ್ಚು ಮಾತಿಲ್ಲದ, ಎತ್ತರದ ಹೆಣ್ಣುಮಗಳು. "ರೊಟ್ಟಿ ಸುಡೂ ವಾಸನಿಗೆ ನಂಗ ಅಳೂ ಬಂತ್ರಿ ಬಾಯಾರ," ಅಂದಳು. ಸುಲೋಚನಾ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ತಂಗಿ ಸತ್ತ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ.

ಮಳೆಗಾಲ ಹಿಡಿಯಿತು. ಜಡಿಮಳೆಗೆ ಜನ ಕಿಟಕಿಗಳನ್ನು ಮುಚ್ಚಿಕೊಂಡರು. ಆಷಾಢದಲ್ಲಿ ಹವೆಕೋಣೆಯ ನಕಾಶೆಯಲ್ಲಿ ಕೆಂಪು ಚುಕ್ಕೆಗಳು ಮೂಡಿದವು, ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಓಣಿ ಓಣಿಗೆ. ಹುಡುಗಿಯೊಬ್ಬಳು ಕುರ್ಚಿ ಬಿಟ್ಟು ಎದ್ದು ಬಂದಳು.

"ಮೇಡಂ, ಒಂದು ನೋಡ್ರಿ. ಇವರೆಲ್ಲಾ ಹೆಣ್ಮಕ್ಕಳ ಅದಾರ."

ಸುಲೋಚನಾ ಒಂದೊಂದೇ ಚುಕ್ಕೆಯ ಹೆಸರು ಓದಿದಳು. ಹೌದು. ಗಂಡಸರು ಹೊರಗೆ ದುಡಿಯುತ್ತಿದ್ದರು, ಗುಲಾಬಿ ಪಡಸಾಲೆಯಲ್ಲಿ ಮಲಗುತ್ತಿದ್ದರು. ಉಂಡು ಏಳುವಷ್ಟು ಹೊತ್ತು ಮಾತ್ರ ಅಡಿಗೆಮನೆಯಲ್ಲಿ. ಮಕ್ಕಳು ಶಾಲೆಯಲ್ಲಿ. ನಸುಕಿನಿಂದ ಸಂಜೆಯವರೆಗೆ ಆ ಒಂದು ಕೋಣೆಯ ಗಾಳಿ ಕುಡಿಯುತ್ತಿದ್ದವರು ಇವರು. ಒಂದು ಮನೆಯ ಅಡಿಗೆಮನೆಯಿಂದ ಇನ್ನೊಂದರ ಅಡಿಗೆಮನೆಗೆ ಸಾರಿನ ಬಟ್ಟಲು, ಹಿಡಿ ಸಕ್ಕರೆ, ಒಂದಿಷ್ಟು ಮೊಸರು. ಅದರ ಜೊತೆಗೆ ಜ್ವರ. "ಒಂದ ಕೋಣಿ ಸರ್" ಎಂದು ಹೇಳುವಾಗ, ಆ ಕೋಣೆಯಲ್ಲಿ ಇಡೀ ದಿನ ನಿಂತವರು ಅವಳ ಲೆಕ್ಕಕ್ಕೆ ಬಂದಿರಲೇ ಇಲ್ಲ. ಅವಳು ಹುಟ್ಟಿದಾಗಿನಿಂದ ತಾಯಿ, ತಂಗಿ ಮಾಡಿ ಹಾಕಿದ ಊಟ ಉಂಡವಳು.

ಫಕೀರವ್ವ ಶ್ರಾವಣದ ಮೊದಲ ಸೋಮವಾರ ಸತ್ತಳು.

ಮಂಡಳಿ ಮತ್ತೆ ಸಭೆ ಸೇರಿತು. ಮೆಣಸಿನಕೆಂಪನ್ನು ಒರೆಸಿ ಅಡಿಗೆಮನೆಗಳಿಗೆ ಮತ್ತೆ ಗುಲಾಬಿ ಬಳಿಯುವುದೋ ಬೇಡವೋ, ಅಷ್ಟೇ ಪ್ರಶ್ನೆ. ಬಳಿದರೆ ಯಾವ ಊರಿನಲ್ಲೋ ಯಾವ ಓಣಿಯಲ್ಲೋ ಒಂದು ಮನೆ ಸಿಡಿಯುತ್ತದೆ. ಬಳಿಯದಿದ್ದರೆ ಮಳೆಗಾಲ ಮುಗಿಯುವುದರೊಳಗೆ ಸಾವಿರಾರು ಹೆಂಗಸರು. ಶಿರೂರರು ಸುಲೋಚನಾಳ ಮುಖ ನೋಡಲಿಲ್ಲ.

"ನಿಮ್ಮ ಮನಿ ವಿಷಯ ಐತಿ. ನೀವು ಕೈ ಎತ್ತದಿದ್ದರೂ ನಡೀತೈತಿ ಮೇಡಂ."

ಅವಳು ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಎತ್ತಿದ ಕೈ ಇಳಿಸಲು ಯಾರೋ ಹೇಳಬೇಕಾಯಿತು. ಗ್ಯಾಸಿನ ಪೈಪನ್ನು ಗೋಡೆಗೆ ತಾಗಿಸಬೇಡಿ, ವರ್ಷಕ್ಕೆರಡು ಸಲ ಬದಲಿಸಿ, ಕಡ್ಡಿ ಗೀರುವ ಮೊದಲು ಕಿಟಕಿ ತೆರೆಯಿರಿ ಎಂದು ಡಂಗುರ ಸಾರಿಸಿದರು. ಉಳಿದದ್ದು ದೇವರ ಇಚ್ಛೆ ಎಂದು ಯಾರೋ ಅಂದರು.

ಬಳಿಯುವ ಕೆಲಸ ಹಳೇ ಹುಬ್ಬಳ್ಳಿಗೆ ಬಂದಾಗ ಅಡ್ಡಿಯಾದದ್ದು ಮೌನೇಶ ಪತ್ತಾರನ ಮನೆಯಲ್ಲಿ. ಮಾಡು ಹೊಸದಾಗಿ ಹೊದಿಸಿಕೊಂಡು ಅವನು ಅಲ್ಲೇ ಒಬ್ಬನೇ ಇದ್ದ. ಅಡಿಗೆಮನೆಯದಷ್ಟೇ ಅಲ್ಲ, ಇಡೀ ಮನೆಯ ಗೋಡೆಗಳನ್ನು ಉಳಿಯಿಂದ ಕೆತ್ತಿ, ಗಾರೆ ಉದುರಿಸಿ, ಇಟ್ಟಿಗೆ ಕಾಣುವಂತೆ ಮಾಡಿಕೊಂಡಿದ್ದ. ಓಣಿಯ ಜನ ಮೊದಲು ದುಃಖದ ಮನೆಯೆಂದು ಸುಮ್ಮನಿದ್ದರು. ಫಕೀರವ್ವ ಸತ್ತ ಮೇಲೆ ಸುಮ್ಮನಿರಲಿಲ್ಲ. ಬರಿಗೋಡೆಯ ಮನೆ ಓಣಿಯಲ್ಲಿದ್ದರೆ ಜ್ವರಕ್ಕೆ ತವರುಮನೆ ಇದ್ದ ಹಾಗೆ ಅಂದರು. ಬಳಿಯುವವರನ್ನು ಅವನು ಒಳಗೆ ಬಿಡಲಿಲ್ಲ. ಪೊಲೀಸರನ್ನು ಕರೆಯುವ ಮಾತು ಬಂತು. ಸುದ್ದಿ ತಿಳಿದು ಸುಲೋಚನಾ ತಾನೇ ಹೊರಟಳು.

ಓಣಿಯ ಮಂದಿ ದಾರಿ ಬಿಟ್ಟು ನಿಂತರು. ನೀಲವ್ವ ಸೊಸೆಯ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರ ಮುಂದೆ ಇದ್ದಳು. "ಹೇಳ್ರಿ ಬಾಯಾರ ಆ ಮನಷ್ಯಾಗ. ಅವಂದು ಹೋಗೈತಿ ಖರೆ. ನಮ್ಮದು ಉಳದದ್ದರೆ ಉಳೀಲಿ."

ಮೌನೇಶ ಹೊಸ್ತಿಲಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಎದ್ದು ನಿಂತ; ಹಿರಿಯಳೆಂಬ ಮರ್ಯಾದೆ ಬಿಟ್ಟಿರಲಿಲ್ಲ.

"ನೀವ ಬಂದ್ರೇನ್ರಿ?"

"ನಾನ ಬಂದೆ. ಬಳೀಲೇಬೇಕು ಮೌನೇಶ. ಕೂಸುಗಳು ಅದಾವ ಓಣ್ಯಾಗ."

"ನಂಗ ಗೊತ್ತಿಲ್ಲೇನು ಕೂಸುಗಳು ಅದಾವಂತ?" ಅಂದ ಮೌನೇಶ. ದನಿ ಏರಿಸಲಿಲ್ಲ. "ನೀವು ಮಾಡಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ ಅಕ್ಕಾವ್ರ. ಕುಂತು ವಿಚಾರ ಮಾಡೇನಿ. ನಿಮ್ಮ ಜಾಗಾದಾಗ ಇದ್ದರ ನಾನೂ ಕೈ ಎತ್ತತಿದ್ದೆ. ಮಗಳು ಹೋದಾಗ ದೇವರನ್ನ ಬೈದೆ. ಅಂವ ಕಣ್ಣಿಗೆ ಕಾಣಲಿಲ್ಲ. ಹೇಣತಿ ಹೋದ ಮ್ಯಾಲ ಬೈಯಾಕ ಕಣ್ಣ ಮುಂದ ಮನಷ್ಯಾರು ಸಿಕ್ಕಾರ. ಅದನ್ನರೆ ನಂಗ ಬಿಡ್ರಿ."

ಅವಳು ಬಳಿಯುವವನ ಕೈಯಿಂದ ಬಕೆಟ್ಟು ಇಸಿದುಕೊಂಡಳು. ಮೌನೇಶ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದ.

ಪಡಸಾಲೆ, ದೇವರ ಕೋಣೆ ಆಯಿತು. ಕೆತ್ತಿದ ಇಟ್ಟಿಗೆ ಸುಣ್ಣವನ್ನು ಕುಡಿಯುತ್ತಲೇ ಇತ್ತು, ಎರಡೆರಡು ಕೈ ಬಳಿಯಬೇಕಾಯಿತು. ಅಡಿಗೆಮನೆಗೆ ಬಂದಾಗ ಬಳಿಯುವವನು "ನಾ ಮಾಡತೇನಿ ಬಿಡ್ರಿ ಮೇಡಂ" ಅಂದ. ಬೇಡವೆಂದಳು. ಕಿಟಕಿಯ ಪಕ್ಕದ ಗೋಡೆಯಲ್ಲಿ ಹೊಗೆಯ ಕರಿ ಇನ್ನೂ ಇತ್ತು. ಉಳಿ ಅಷ್ಟು ಆಳಕ್ಕೆ ಹೋಗಿರಲಿಲ್ಲ. ಆ ಕರಿಯ ಮೇಲೆ ಬ್ರಶ್ ಆಡಿಸಿದಳು. ಒಂದು ಸಲಕ್ಕೆ ಮುಚ್ಚಲಿಲ್ಲ. ಮತ್ತೆ ಆಡಿಸಿದಳು. ತೋಳು ಸೋತವು, ನಿಲ್ಲಲಿಲ್ಲ.

ಹೊರಬಂದಾಗ ಮೌನೇಶ ತನ್ನ ಕಸುಬಿನ ಸಾಮಾನುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಎದ್ದು ಬಾಗಿಲು ಎಳೆದು, ಕೀಲಿ ಹಾಕಿ, ಆ ಕೀಲಿಕೈಯನ್ನು ಅವಳ ಸುಣ್ಣದ ಅಂಗೈಯಲ್ಲಿಟ್ಟ.

"ಎಲ್ಲಿಗೆ ಹೊಂಟ್ರಿ?" ಅಂದಳು.

"ನಿಮ್ಮ ಸುಣ್ಣಾ ಇನ್ನೂ ಮುಟ್ಟದ ಊರು ಯಾವುದರೆ ಇದ್ದೀತು."

"ಅಲ್ಲಿ ಜ್ವರಾ ಐತಿ ಮೌನೇಶ."

"ಇರಲಿ ಬಿಡ್ರಿ," ಅಂದು ಚೀಲ ಹೆಗಲಿಗೇರಿಸಿ ಓಣಿಯ ತಿರುವಿನ ಕಡೆ ನಡೆದ. ಯಾರೂ ತಡೆಯಲಿಲ್ಲ. ಬಳಿಯುವವನು ಕೆಲಸ ಮುಗಿದ ಸುದ್ದಿ ಕಳಿಸಿದ್ದ; ಅವನು ಮರೆಯಾದ ಮೇಲೆ ಹವೆಕೋಣೆಯ ಹುಡುಗಿಯ ಫೋನು ಬಂತು.

"ಮೇಡಂ, ಆ ಒಂದು ಮನಿ ಬೂದು ಇತ್ತು, ಈಗ ಗುಲಾಬಿ ಆತು. ಓಣಿ ಪೂರಾ ಆತಂತ ಗುರುತು ಹಚ್ಚಲೇನ್ರಿ?"

ಸುಲೋಚನಾ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಮುಂದೆ ನಿಂತಿದ್ದಳು. ಎದುರಿನ ಕಟ್ಟೆಯಲ್ಲಿ ನೀಲವ್ವ ಕೂಸಿಗೆ ಉಣ್ಣಿಸತೊಡಗಿದ್ದಳು; ಕೂಸು ಬಾಯಿ ತೆರೆದು ಅವಸರ ಮಾಡುತ್ತಿತ್ತು.

"ಆತು," ಅಂದಳು. "ಹಚ್ಚವಾ."